ವೈರ್ ಕೋಟ್ ಟೆರಿಯರ್: ಕೈಯಲ್ಲಿ ಕೀಳುವುದೋ, ಮೆಷಿನ್ ಹಾಕಿಸುವುದೋ?

ಒರಟು ಕೂದಲಿನ ಟೆರಿಯರ್ ಮರಿ ಮನೆಗೆ ಬಂದು ಕೆಲವು ತಿಂಗಳಾಗುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರಿಗೂ ಇದೇ ಗೊಂದಲ. ಬೆನ್ನ ಮೇಲಿನ ಕೂದಲು ಕೆದರಿ ನಿಂತಿರುತ್ತದೆ. ಎಷ್ಟು ಬಾಚಿದರೂ ಕೂರುವುದಿಲ್ಲ. ಗ್ರೂಮರ್ ‘ಮೆಷಿನ್ ಹಾಕಿದರೆ ಒಂದು ಗಂಟೆಯ ಕೆಲಸ’ ಅನ್ನುತ್ತಾರೆ. ಮರಿ ಕೊಟ್ಟ ಬ್ರೀಡರ್ ‘ಮೆಷಿನ್ ಮುಟ್ಟಿಸಲೇಬೇಡಿ, ಕೈಯಲ್ಲೇ ಕೀಳಬೇಕು’ ಅನ್ನುತ್ತಾರೆ. ಕೀಳುವುದು ಅಂದ ಕೂಡಲೇ ನಮಗೆ ಎದೆ ಝಲ್ ಅನ್ನುತ್ತದೆ. ಪಾಪ, ನೋವಾಗಲ್ವಾ?

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಹೇಳುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕೀಳುವುದು ಒಳ್ಳೆಯದು, ನಿಜ. ಆದರೆ ಎಲ್ಲ ನಾಯಿಗೂ ಅಲ್ಲ, ಎಲ್ಲ ಮನೆಗೂ ಅಲ್ಲ. ಮುಂದೆ ನಾಲ್ಕು ದಾರಿಗಳ ಬಗ್ಗೆ ಬರೆದಿದ್ದೇನೆ: ಪೂರ್ತಿ ಸ್ಟ್ರಿಪ್ಪಿಂಗ್ (ಎಲ್ಲವನ್ನೂ ಕೈಯಲ್ಲಿ ಕೀಳುವುದು), ರೋಲಿಂಗ್ (ಸ್ವಲ್ಪ ಸ್ವಲ್ಪವೇ ಕೀಳುವುದು), ಬರೀ ಕ್ಲಿಪ್ಪಿಂಗ್ (ಮೆಷಿನ್ ಹಾಕಿ ಕತ್ತರಿಸುವುದು), ಕ್ಲಿಪ್ಪಿಂಗ್ ಜೊತೆ ಕಾರ್ಡಿಂಗ್ (ಸಡಿಲವಾದ ಒಳಕೂದಲನ್ನು ಬಾಚಿ ತೆಗೆಯುವುದು). ಅದಕ್ಕೂ ಮೊದಲು ಕೂದಲಿನ ಸಂಗತಿ ಗೊತ್ತಿರಬೇಕು. ಅದು ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಈ ಕೂದಲು ಬೇರೆ ಥರ ಯಾಕೆ?

ವೈರ್ ಕೋಟ್‌ನಲ್ಲಿ, ಅಂದರೆ ಈ ನಾಯಿಗಳ ಒರಟು ಕೂದಲಿನ ಹೊದಿಕೆಯಲ್ಲಿ, ಎರಡು ಪದರ ಇರುತ್ತದೆ. ಹೊರಗಿನದು ಗಟ್ಟಿ, ಒರಟು. ಮಳೆ, ಮಣ್ಣು, ಮುಳ್ಳುಗಳಿಂದ ಕಾಯುವುದು ಇದೇ. ಒಳಗಿನದು ಮೆತ್ತಗೆ, ದಟ್ಟವಾಗಿ, ಮೈಯನ್ನು ಬೆಚ್ಚಗಿಡುತ್ತದೆ. ಹೊರಕೂದಲು ಒಂದು ಉದ್ದಕ್ಕೆ ಬೆಳೆದು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಅದರ ಬೇರು ಸಡಿಲವಾಗುತ್ತದೆ. ಬೇರೆ ಜಾತಿಯ ನಾಯಿಗಳಲ್ಲಾದರೆ ಆ ಕೂದಲು ಸೋಫಾ ಮೇಲೆ, ನಮ್ಮ ಬಟ್ಟೆ ಮೇಲೆ ಉದುರುತ್ತದೆ. ವೈರ್ ಕೋಟ್‌ನಲ್ಲಿ ಬಹುಪಾಲು ಸತ್ತ ಕೂದಲು ಚರ್ಮದಲ್ಲೇ ಸಿಕ್ಕಿಕೊಂಡು ನಿಂತಿರುತ್ತದೆ. ಕೈಯಲ್ಲಿ ಕೀಳುವುದು ಅಂದರೆ ಈ ಸತ್ತ ಕೂದಲನ್ನು ತೆಗೆದು ಹೊಸದಕ್ಕೆ ದಾರಿ ಮಾಡಿಕೊಡುವುದು. ಹಣ್ಣಾದ ಎಲೆ ಮುಟ್ಟಿದರೆ ಸಾಕು ಕೈಗೆ ಬರುತ್ತದಲ್ಲ, ಹಾಗೆ. ಹಸಿರೆಲೆಯನ್ನು ಕಿತ್ತರೆ ಗಿಡಕ್ಕೆ ಗಾಯ. ಕೂದಲಿನ ಮಾತೂ ಅಷ್ಟೇ. ಮಾಗದ ಕೂದಲನ್ನು ಎಳೆದರೆ ಖಂಡಿತ ನೋವಾಗುತ್ತದೆ.

ಇನ್ನೊಂದು ಮುಖ್ಯ ವಿಷಯ ಇದೆ. ವೈರ್ ಕೂದಲು ಮೇಲಿಂದ ಕೆಳಗಿನ ತನಕ ಒಂದೇ ದಪ್ಪ ಇರುವುದಿಲ್ಲ. ತುದಿಯ ಕಡೆ ದಪ್ಪ, ಬಣ್ಣವೂ ಗಾಢ. ಬೇರಿನ ಕಡೆ ಬರುತ್ತಾ ತೆಳ್ಳಗೆ, ಪೇಲವ. ಮೆಷಿನ್ ಏನು ಮಾಡುತ್ತದೆ? ಗಟ್ಟಿಯಾದ, ಬಣ್ಣದ ಭಾಗವನ್ನು ಕತ್ತರಿಸಿ ಹಾಕಿ, ತೆಳ್ಳಗಿನ ಪೇಲವ ಭಾಗವನ್ನು ಉಳಿಸುತ್ತದೆ. ಸತ್ತ ಬುಡ ಚರ್ಮದಲ್ಲೇ ಉಳಿಯುತ್ತದೆ. ಅದರ ಮಧ್ಯೆ ಮೆತ್ತಗಿನ ಒಳಕೂದಲು ಎದ್ದು ಕಾಣುತ್ತದೆ. ಹಾಗಾಗಿ ನಾಲ್ಕೈದು ಸಲ ಮೆಷಿನ್ ಹಾಕಿಸಿದ ಏರ್‌ಡೇಲ್‌ನ ಕಪ್ಪು ಬೆನ್ನು ಬೂದಿ ಬಣ್ಣಕ್ಕೆ ತಿರುಗುತ್ತದೆ. ಕಾಲಿನ ಕೆಂಗಂದು ಬಣ್ಣ ಸಪ್ಪೆಯಾಗುತ್ತದೆ. ಮುಟ್ಟಿದರೆ ಉಣ್ಣೆಯ ಹಾಗೆ ಮೆತ್ತಗೆ.

ಮೀಸೆ, ಗಡ್ಡ, ದಪ್ಪ ಹುಬ್ಬು ಈ ನಾಯಿಗಳ ಗುರುತು. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಶುದ್ಧ ತಳಿಯ ನಾಯಿಗಳ ಕೂದಲಿನ ವೈವಿಧ್ಯದಲ್ಲಿ ಬಹುಪಾಲು ಮೂರೇ ಜೀನ್‌ಗಳ ಆಟ ಎಂದು ತೋರಿಸಿತು. ಮೀಸೆ, ಹುಬ್ಬು ಮತ್ತು ಒರಟು ಕೂದಲಿಗೆ ಕಾರಣವಾದದ್ದು ಆರ್‌ಎಸ್‌ಪಿಒ2 ಎಂಬ ಜೀನ್. ಅಂದರೆ ಒರಟುತನ ಹುಟ್ಟಿನಿಂದ ಬಂದದ್ದು. ಮೆಷಿನ್ ಹಾಕಿದರೆ ಆ ಜೀನ್ ಎಲ್ಲಿಗೂ ಹೋಗುವುದಿಲ್ಲ. ಹೊರಕೂದಲಿಗೆ ಸರಿಯಾಗಿ ಹೊಸದಾಗುವ ಅವಕಾಶ ಸಿಗುವುದಿಲ್ಲ, ಅಷ್ಟೇ.

ಫಾಕ್ಸ್ ಟೆರಿಯರ್‌ನ ವೈರ್ ಬಗೆ, ಏರ್‌ಡೇಲ್, ವೆಲ್ಷ್, ಲೇಕ್‌ಲ್ಯಾಂಡ್, ಐರಿಷ್, ಬಾರ್ಡರ್, ಕೇರ್ನ್, ನಾರ್ಫೋಕ್, ನಾರ್ವಿಚ್, ಸ್ಕಾಟಿಷ್, ವೆಸ್ಟ್ ಹೈಲ್ಯಾಂಡ್ ವೈಟ್ (ವೆಸ್ಟಿ), ಒರಟು ಕೂದಲಿನ ಜ್ಯಾಕ್ ರಸೆಲ್ ಎಲ್ಲ ಈ ಗುಂಪಿನವು. ಬೆಡ್ಲಿಂಗ್ಟನ್, ಕೆರಿ ಬ್ಲೂ, ಸಾಫ್ಟ್ ಕೋಟೆಡ್ ವೀಟನ್, ಯಾರ್ಕ್‌ಷೈರ್ ಕೂಡ ಟೆರಿಯರ್‌ಗಳೇ, ಆದರೆ ಅವುಗಳ ಕೂದಲು ಮೃದು. ಅವಕ್ಕೆ ಸ್ಟ್ರಿಪ್ಪಿಂಗ್ ಬೇಡವೇ ಬೇಡ. ನಿಮ್ಮದು ಅಂಥದ್ದಾದರೆ ಬಾಚಣಿಗೆ, ಕತ್ತರಿ ಸಾಕು.

ಮೊದಲು ನೋಡಬೇಕಾದದ್ದು

ಎಲ್ಲಕ್ಕಿಂತ ಮೊದಲು ಕೂದಲಿನ ಸ್ಥಿತಿ. ಭುಜದ ಹತ್ತಿರ, ಬೆನ್ನ ಮೇಲೆ ನಾಲ್ಕೈದು ಉದ್ದ ಕೂದಲಿನ ತುದಿಯನ್ನು ಹೆಬ್ಬೆರಳು, ತೋರುಬೆರಳ ಮಧ್ಯೆ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಅಲ್ಲಿನ ಚರ್ಮವನ್ನು ಒತ್ತಿ ಹಿಡಿದು, ಕೂದಲು ಬೆಳೆದ ದಿಕ್ಕಿಗೇ ಮೆಲ್ಲಗೆ ಎಳೆಯಿರಿ. ಸಲೀಸಾಗಿ ಬಂತು, ನಾಯಿ ತಿರುಗಿಯೂ ನೋಡಲಿಲ್ಲ ಅಂದರೆ ಮಾಗಿದೆ. ಚರ್ಮ ಜೊತೆಗೇ ಎದ್ದು ಬಂತು, ನಾಯಿ ಬೆಚ್ಚಿತು ಅಂದರೆ ಇನ್ನೂ ಸಮಯ ಇದೆ. ಮಾಗಿದ ಕೋಟ್ ಸಾಮಾನ್ಯವಾಗಿ ಬೆನ್ನಮೂಳೆಯ ಉದ್ದಕ್ಕೂ ಬೈತಲೆ ತೆಗೆದ ಹಾಗೆ ಎರಡು ಕಡೆಗೆ ಬಾಗಿರುತ್ತದೆ.

ಎರಡನೆಯದು ನಾಯಿಯ ವಯಸ್ಸು, ಆರೋಗ್ಯ, ಸ್ವಭಾವ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ನಾಯಿಗಳಲ್ಲಿ ಎಷ್ಟೋ ಸಲ ಕೂದಲು ಮೆತ್ತಗಾಗಿ, ಒಳಕೂದಲು ಜಾಸ್ತಿಯಾಗುತ್ತದೆ. ಕೀಳುವುದು ಕಷ್ಟ ಆಗುತ್ತಾ ಹೋಗುತ್ತದೆ. ವೆಸ್ಟಿಗಳಿಗೆ ಚರ್ಮದ ಅಲರ್ಜಿ ಬರುವುದು ಹೆಚ್ಚು. ಕೆಂಪಾದ, ತುರಿಸುವ ಚರ್ಮದ ಮೇಲೆ ಯಾರೂ ಕೈ ಹಾಕಬಾರದು. ಥೈರಾಯ್ಡ್ ತೊಂದರೆ ಇರುವ ನಾಯಿಗಳಲ್ಲಿ ಹೋದ ಕೂದಲು ಮತ್ತೆ ಬರಲು ತುಂಬ ತಡವಾಗಬಹುದು. ಏರ್‌ಡೇಲ್‌ಗಳಲ್ಲಿ ಋತುವಿಗೆ ತಕ್ಕಂತೆ ಪಕ್ಕೆಗಳ ಕೂದಲು ಉದುರಿ ಬೋಳಾಗುವ ಸಮಸ್ಯೆಯೂ ಉಂಟು. ಕೂದಲು ಎಲ್ಲೆಡೆ ಸುಮ್ನೆ ಕೈಗೆ ಬರುತ್ತಿದೆ, ಹೊಸದು ಹುಟ್ಟುತ್ತಿಲ್ಲ ಅನ್ನಿಸಿದರೆ ಗ್ರೂಮರ್ ಅಲ್ಲ, ಪಶುವೈದ್ಯರು ನೋಡಬೇಕು.

ಇನ್ನುಳಿದದ್ದು ನಿಮಗೆ ಸಂಬಂಧಿಸಿದ್ದು: ವಾರಕ್ಕೆ ಎಷ್ಟು ಹೊತ್ತು ಕೊಡಬಲ್ಲಿರಿ, ಎಷ್ಟು ಖರ್ಚು ಮಾಡಬಲ್ಲಿರಿ, ಕೈ ಕೆಲಸ ಬಲ್ಲ ಗ್ರೂಮರ್ ಹತ್ತಿರದಲ್ಲಿ ಇದ್ದಾರಾ. ಶೋಗೆ ಹೋಗುವ ನಾಯಿಯಾದರೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಈ ತಳಿಗಳ ಮಾನದಂಡದಲ್ಲೇ ಗಟ್ಟಿ ಕೂದಲು ಬೇಕು ಎಂದಿದೆ, ಕೈಯಲ್ಲಿ ಕೀಳಲೇಬೇಕು. ಮುಂದಿನ ಮಾತೆಲ್ಲ ಮನೆಯ ನಾಯಿಗಳಿಗಾಗಿ.

ಪೂರ್ತಿ ಸ್ಟ್ರಿಪ್ಪಿಂಗ್

ಮಾಗಿದ ಹೊರಕೂದಲನ್ನೆಲ್ಲ ಒಟ್ಟಿಗೆ ಕಿತ್ತು, ಒಳಕೂದಲು ಕಾಣುವವರೆಗೆ ತೆಗೆಯುವುದು. ಬಾರ್ಡರ್ ಟೆರಿಯರ್‌ಗೆ ಇದು ಹೇಳಿ ಮಾಡಿಸಿದ ದಾರಿ. ವರ್ಷಕ್ಕೆ ಸುಮಾರು ಎರಡು ಸಲ ಮಾಡಿದರೆ ನಡೆಯುತ್ತದೆ. ನೋಡಲು ಚೆನ್ನಾಗಿ ಕಾಣುವಷ್ಟು ಹೊಸ ಕೋಟ್ ಬರಲು ಎಂಟರಿಂದ ಹನ್ನೆರಡು ವಾರ ಬೇಕು.

ಇದರ ದೊಡ್ಡ ಅನುಕೂಲ ಅಂದರೆ ವರ್ಷದ ಬಹುಪಾಲು ನೆಮ್ಮದಿ. ವಾರಕ್ಕೊಮ್ಮೆ ಬಾಚಿದರೆ ಸಾಕು. ಹೊಸ ಕೋಟ್ ಗಟ್ಟಿಯಾಗಿ, ಬಣ್ಣ ತುಂಬಿಕೊಂಡು ಬರುತ್ತದೆ. ಮಣ್ಣು ಒಣಗಿದ ಮೇಲೆ ಕೊಡವಿದರೆ ಉದುರಿ ಹೋಗುತ್ತದೆ. ತೊಂದರೆಯೂ ಇದೆ. ಸಣ್ಣ ಬಾರ್ಡರ್‌ಗೇ ಹಲವು ಗಂಟೆ ಹಿಡಿಯುತ್ತದೆ. ಏರ್‌ಡೇಲ್ ಅಂದರೆ ಪೂರ್ತಿ ದಿನದ ಕೆಲಸ, ಒಂದೇ ದಿನ ಮುಗಿಸುವ ಹಟ ಮಾಡದೆ ಎರಡು ಮೂರು ದಿನಕ್ಕೆ ಹಂಚುವುದು ನಾಯಿಗೂ ಮನುಷ್ಯರಿಗೂ ಒಳ್ಳೆಯದು. ಗ್ರೂಮರ್ ಇದಕ್ಕೆ ಗಂಟೆಯ ಲೆಕ್ಕದಲ್ಲಿ ಹಣ ಕೇಳುವುದೂ ನ್ಯಾಯವೇ. ಒಂದು ಸಲದ ಖರ್ಚು ಮೆಷಿನ್ ಕೆಲಸಕ್ಕಿಂತ ತುಂಬ ಜಾಸ್ತಿ. ಆದರೆ ಮೆಷಿನ್ ಆರೆಂಟು ವಾರಕ್ಕೊಮ್ಮೆ ಬೇಕಾಗುತ್ತದೆ, ಇದು ವರ್ಷಕ್ಕೆ ಎರಡೇ ಸಲ. ಇಡೀ ವರ್ಷದ ಲೆಕ್ಕ ಹಾಕಿ ನೋಡಿ, ಅಂತರ ಅಷ್ಟು ದೊಡ್ಡದಾಗಿ ಕಾಣದಿರಬಹುದು.

ಕಿತ್ತ ಮೇಲಿನ ಕೆಲವು ವಾರ ಎಚ್ಚರ ಬೇಕು. ನಾಯಿ ಬರೀ ಒಳಕೂದಲಿನಲ್ಲಿ ಇರುತ್ತದೆ. ಬಿಸಿಲಿಗೆ ಚರ್ಮ ಸುಡಬಹುದು, ಚಳಿಯಲ್ಲಿ ನಡುಗಬಹುದು. ಚಳಿ ಜೋರಿರುವ ತಿಂಗಳು ಬಿಟ್ಟು ಬೇರೆ ಸಮಯ ನೋಡಿಕೊಳ್ಳಿ. ಚಿಗಟಕ್ಕೆ ಬೆನ್ನಿಗೆ ಹಾಕುವ ಔಷಧವನ್ನು ಅದೇ ದಿನ ಹಾಕಬೇಡಿ. ಘಾಟು ಶಾಂಪೂ ಕೂಡ ಬೇಡ. ಚರ್ಮ ಸ್ವಲ್ಪ ತಿಳಿಗೆಂಪಾದರೆ ಒಂದೆರಡು ದಿನಕ್ಕೆ ಸರಿಹೋಗುತ್ತದೆ. ಗುಳ್ಳೆ, ರಕ್ತದ ಚುಕ್ಕೆ ಕಂಡರೆ ಮಾಗದ ಕೂದಲಿಗೆ ಕೈ ಹಾಕಿದ್ದಾರೆ ಎಂದೇ ಅರ್ಥ.

ರೋಲಿಂಗ್

ನನಗೆ ಇಷ್ಟದ ದಾರಿ ಇದು. ಹಾಗಾಗಿ ಸ್ವಲ್ಪ ಹೆಚ್ಚು ಹೇಳುತ್ತೇನೆ.

ಎಲ್ಲವನ್ನೂ ಒಟ್ಟಿಗೆ ಕೀಳುವ ಬದಲು, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕೂತು ಎಲ್ಲಕ್ಕಿಂತ ಉದ್ದ ಬೆಳೆದ ಕೂದಲನ್ನು ಮಾತ್ರ ತೆಗೆಯುವುದು. ಹೀಗೆ ಮಾಡುತ್ತಾ ಹೋದರೆ ಮೈಮೇಲೆ ಬೇರೆ ಬೇರೆ ವಯಸ್ಸಿನ ಕೂದಲು ಒಟ್ಟಿಗೆ ಇರುತ್ತದೆ. ಒಂದು ಪದರ ಮಾಗಿ ಹೋಗುವ ಹೊತ್ತಿಗೆ ಅದರ ಕೆಳಗಿನದು ಬೆಳೆದಿರುತ್ತದೆ. ನಾಯಿ ಎಂದೂ ಬೋಳಾಗಿ ಕಾಣುವುದಿಲ್ಲ. ಚಳಿ, ಬಿಸಿಲಿನ ಚಿಂತೆಯೂ ಇಲ್ಲ. ಕೇರ್ನ್, ನಾರ್ಫೋಕ್, ನಾರ್ವಿಚ್, ವೆಸ್ಟಿಗಳ ಮೈಕಟ್ಟಿಗೆ ಇದು ಚೆನ್ನಾಗಿ ಒಪ್ಪುತ್ತದೆ.

ಶುರು ಮಾಡುವ ಸುಲಭ ರೀತಿ ಅಂದರೆ ಮೊದಲು ಒಂದು ಪೂರ್ತಿ ಸ್ಟ್ರಿಪ್ಪಿಂಗ್. ಅದಾಗಿ ಆರೆಂಟು ವಾರಕ್ಕೆ ಹೊಸ ಕೂದಲು ಕಾಣತೊಡಗಿದ ಮೇಲೆ ವಾರದ ಕೆಲಸ ಹಿಡಿಯುವುದು. ಕೂದಲನ್ನು ಬುಡದಿಂದ ಮೇಲಕ್ಕೆ ಬಾಚಿ, ಚರ್ಮವನ್ನು ಮೆಲ್ಲಗೆ ಮೇಲಕ್ಕೆ ದೂಡಿ. ಉಳಿದವಕ್ಕಿಂತ ಮೇಲೆ ಚಾಚಿ ನಿಂತ ಕೂದಲುಗಳು ತಾವೇ ಕಾಣಿಸುತ್ತವೆ. ಅವನ್ನು ಮಾತ್ರ ಹಿಡಿದು ತೆಗೆಯಿರಿ. ಒಂದು ಸಲಕ್ಕೆ ಕೆಲವೇ ಕೂದಲು. ಗೊಂಚಲು ಹಿಡಿದು ಎಳೆಯುವುದಲ್ಲ.

ಸಲಕರಣೆ ಹೆಚ್ಚೇನೂ ಬೇಡ. ಬೆರಳಿಗೆ ತೊಡುವ ರಬ್ಬರ್ ಟೋಪಿಗಳು, ಸ್ವಲ್ಪ ಚಾಕ್ ಪುಡಿ, ಒಂದು ಬಾಚಣಿಗೆ. ಕೂದಲು ಜಾರದಿರಲಿ ಎಂದು ಪುಡಿ. ಅದೇ ಕಾರಣಕ್ಕೆ ಹಿಂದಿನ ದಿನ ಸ್ನಾನ ಮಾಡಿಸಬಾರದು. ತೊಳೆದ ಕೂದಲು ಮೆತ್ತಗಾಗಿ ಜಾರುತ್ತದೆ. ಸ್ಟ್ರಿಪ್ಪಿಂಗ್ ನೈಫ್ ಬಗ್ಗೆ ಒಂದು ಮಾತು. ಹೆಸರಿಗೆ ಚಾಕು, ಆದರೆ ಕೂದಲನ್ನು ಹಿಡಿಯುವುದಷ್ಟೇ ಅದರ ಕೆಲಸ. ಹೊಸದು ಹಲ್ಲು ಹರಿತ ಇದ್ದು ಕತ್ತರಿಸಿಬಿಡಬಹುದು. ಮಣಿಕಟ್ಟನ್ನು ತಿರುಚದೆ, ಕೈಯನ್ನು ನೇರವಾಗಿ ಹಿಂದಕ್ಕೆ ತರಬೇಕು. ತಿರುಚಿದರೆ ಕೂದಲು ತುಂಡಾಗುತ್ತದೆ.

ತುಂಡಾಗುತ್ತಿದೆಯೋ ಕಿತ್ತು ಬರುತ್ತಿದೆಯೋ ಹೇಗೆ ಗೊತ್ತಾಗುತ್ತದೆ? ಕೈಗೆ ಬಂದ ಕೂದಲನ್ನು ಅಂಗೈ ಮೇಲೆ ಹರಡಿ, ಬೆಳಕಿಗೆ ಹಿಡಿದು ನೋಡಿ. ಬೇರು ಸಮೇತ ಬಂದದ್ದಾದರೆ ಒಂದು ತುದಿ ದಪ್ಪಗೆ, ಗಾಢ ಬಣ್ಣದಲ್ಲಿ ಇರುತ್ತದೆ. ಇನ್ನೊಂದು ತುದಿ ಸಣ್ಣಗಾಗುತ್ತಾ ಹೋಗಿ ಬಿಳಿಚಿರುತ್ತದೆ. ತುಂಡಾದದ್ದಾದರೆ ಗಿಡ್ಡ, ಕೆಳತುದಿ ಮೊಂಡು. ಅಂಗೈಯಲ್ಲಿ ಮೊಂಡು ತುದಿಗಳೇ ಕಾಣುತ್ತಿದ್ದರೆ ಅದು ಕ್ಲಿಪ್ಪಿಂಗ್‌ನದೇ ಇನ್ನೊಂದು ರೂಪ, ಫಲವೂ ಅದೇ.

ರೋಲಿಂಗ್‌ಗೆ ಹಣ ಬೇಕಿಲ್ಲ, ಸಮಯ ಬೇಕು. ವಾರಕ್ಕೆ ಅರ್ಧ ಗಂಟೆ ಸಣ್ಣ ನಾಯಿಗೆ ಸಾಕು, ಆದರೆ ತಪ್ಪಿಸಬಾರದು. ಎರಡು ತಿಂಗಳು ಬಿಟ್ಟರೆ ಪದರಗಳೆಲ್ಲ ಒಂದೇ ಉದ್ದಕ್ಕೆ ಬಂದು ನಿಲ್ಲುತ್ತವೆ, ಮತ್ತೆ ಪೂರ್ತಿ ಸ್ಟ್ರಿಪ್ಪಿಂಗ್ ಮಾಡಿಸಿಯೇ ಶುರು ಮಾಡಬೇಕು. ಸಂಜೆ ಟಿವಿ ಮುಂದೆ ನಾಯಿಯನ್ನು ಪಕ್ಕದಲ್ಲಿ ಮಲಗಿಸಿಕೊಂಡು ಇದನ್ನು ಮಾಡುವವರಿದ್ದಾರೆ. ಅಂಥ ಅಭ್ಯಾಸ ನಿಮಗೆ ಹಿಡಿಸುತ್ತದೆ ಅನ್ನಿಸಿದರೆ ಬೇರೆ ಯೋಚನೆ ಬೇಡ. ಮರಿ ಇರುವಾಗಲೇ ಮೇಜಿನ ಮೇಲೆ ನಿಲ್ಲಿಸಿ ನಾಲ್ಕು ಕೂದಲು ತೆಗೆದು, ತಿನ್ನಲು ಏನಾದರೂ ಕೊಟ್ಟು ಇಳಿಸುವ ರೂಢಿ ಮಾಡಿ. ಈ ಸಣ್ಣ ರೂಢಿಯಿಂದ ಮುಂದಿನ ವರ್ಷಗಳೆಲ್ಲ ಸಲೀಸು.

ಬರೀ ಕ್ಲಿಪ್ಪಿಂಗ್

ಇದನ್ನು ಆರಿಸಿಕೊಂಡವರನ್ನು ಕೆಲವರು ನಾಯಿಯ ಮೇಲೆ ಪ್ರೀತಿ ಇಲ್ಲದವರ ಹಾಗೆ ನೋಡುತ್ತಾರೆ. ಅದು ತಪ್ಪು. ಹನ್ನೆರಡು ವರ್ಷದ ಕೀಲುನೋವಿನ ನಾಯಿಯನ್ನು ಮೂರು ಗಂಟೆ ನಿಲ್ಲಿಸಿ ಕೂದಲು ಕೀಳುವುದರಲ್ಲಿ ಯಾವ ಪ್ರೀತಿ ಇದೆ? ವಯಸ್ಸಾದವು, ಅಲರ್ಜಿ ಇರುವವು, ಮುಟ್ಟಿದರೆ ಗಾಬರಿ ಬೀಳುವವು, ಶಸ್ತ್ರಚಿಕಿತ್ಸೆಯಾಗಿ ಕೂದಲು ಪೂರ್ತಿ ಉಣ್ಣೆಯಂತಾದವು. ಇವಕ್ಕೆಲ್ಲ ಮೆಷಿನ್ನೇ ಸರಿ. ಬೇಗ ಮುಗಿಯುತ್ತದೆ, ಮಾಡುವ ಗ್ರೂಮರ್ ಸುಲಭವಾಗಿ ಸಿಗುತ್ತಾರೆ, ಒಂದು ಸಲದ ಖರ್ಚು ಕಡಿಮೆ.

ಬಿಟ್ಟುಕೊಡುವುದು ಏನನ್ನು? ಬಣ್ಣ ಮತ್ತು ಒರಟುತನ. ಬಿಳಿ ನಾಯಿಯಲ್ಲಿ ಬಣ್ಣದ ನಷ್ಟ ಕಾಣುವುದೇ ಇಲ್ಲ, ಹಾಗಾಗಿ ಬರೀ ನೋಟದ ಚಿಂತೆ ಇರುವ ವೆಸ್ಟಿ ಮನೆಯವರು ಅಷ್ಟು ಹೆದರಬೇಕಿಲ್ಲ. ಮೆತ್ತಗಾದ ಕೋಟ್ ಬೇಗ ಒದ್ದೆಯಾಗುತ್ತದೆ, ಮಣ್ಣು ಹಿಡಿದುಕೊಳ್ಳುತ್ತದೆ, ಗಂಟು ಕಟ್ಟುತ್ತದೆ. ಅಂದರೆ ಬಾಚುವ, ತೊಳೆಯುವ ಕೆಲಸ ಹೆಚ್ಚುತ್ತದೆ. ಗದ್ದೆ, ಪೊದೆ, ನೀರು ಅಂತ ಓಡಾಡುವ ನಾಯಿಗೆ ಇದು ದೊಡ್ಡ ನಷ್ಟ. ಮನೆಯೊಳಗೇ ಇರುವ ನಾಯಿಗೆ ಅಷ್ಟಿಲ್ಲ.

ಒಮ್ಮೆ ಕ್ಲಿಪ್ ಮಾಡಿಸಿದರೆ ಮತ್ತೆ ಕೀಳಲು ಆಗುವುದೇ ಇಲ್ಲವಾ? ಆಗುತ್ತದೆ, ಆದರೆ ತಾಳ್ಮೆ ಬೇಕು. ಕೂದಲನ್ನು ಹಿಡಿಯುವಷ್ಟು ಉದ್ದ ಬೆಳೆಯಲು ಬಿಟ್ಟು, ಮಾಗಿದ್ದನ್ನು ತೆಗೆದು, ಮತ್ತೆ ಬೆಳೆಯಲು ಬಿಡಬೇಕು. ಹೀಗೆ ಕೆಲವು ಸುತ್ತು ಆದ ಮೇಲೆ ಬಣ್ಣ, ಗಟ್ಟಿತನ ಮರಳುವುದುಂಟು. ಒಂದು ವರ್ಷವೇ ಹಿಡಿದರೂ ಆಶ್ಚರ್ಯವಿಲ್ಲ. ವರ್ಷಗಟ್ಟಲೆ ಕ್ಲಿಪ್ ಆದ, ಕೂದಲು ಮೊದಲೇ ಮೆತ್ತಗಿದ್ದ ನಾಯಿಯಲ್ಲಿ ಪೂರ್ತಿ ಮರಳದೆಯೂ ಇರಬಹುದು.

ಮಧ್ಯದ ದಾರಿ: ಕ್ಲಿಪ್ಪಿಂಗ್ ಜೊತೆ ಕಾರ್ಡಿಂಗ್

ಕಾರ್ಡಿಂಗ್ ಅಂದರೆ ಸಣ್ಣ ಹಲ್ಲಿನ ನೈಫ್ ಅಥವಾ ಸ್ಟ್ರಿಪ್ಪಿಂಗ್ ಸ್ಟೋನ್‌ನಿಂದ ಚರ್ಮಕ್ಕೆ ಒತ್ತದೆ ಬಾಚುತ್ತಾ ಸಡಿಲವಾದ ಒಳಕೂದಲನ್ನು ತೆಗೆಯುವುದು. ಕ್ಲಿಪ್ಪಿಂಗ್‌ಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮಾಡಿದರೆ ಸತ್ತ ಕೂದಲು ಸ್ವಲ್ಪವಾದರೂ ಹೊರಗೆ ಬರುತ್ತದೆ. ಕೋಟ್ ಉಣ್ಣೆಯಂತೆ ಉಬ್ಬುವುದಿಲ್ಲ, ಬಣ್ಣವೂ ತಕ್ಕಮಟ್ಟಿಗೆ ಉಳಿಯುತ್ತದೆ. ಸ್ಟ್ರಿಪ್ಪಿಂಗ್‌ನಷ್ಟು ಅಲ್ಲ, ಆದರೆ ಬರೀ ಮೆಷಿನ್‌ಗಿಂತ ಎಷ್ಟೋ ಮೇಲು. ಬಜೆಟ್ ಬಿಗಿ ಇದ್ದು, ವಾರಾವಾರ ಕೂರಲು ಆಗದವರಿಗೆ ನಾನು ಹೇಳುವುದು ಇದನ್ನೇ. ಸಾಲಾಗಿ ಹರಿತ ಬ್ಲೇಡ್ ಇರುವ ರೇಕ್‌ಗಳನ್ನು ಮಾತ್ರ ಎಚ್ಚರದಿಂದ ಬಳಸಿ. ಅವು ಕೂದಲು ಕತ್ತರಿಸುತ್ತವೆ, ಕೀಳುವುದಿಲ್ಲ.

ಯಾವ ದಾರಿ ಹಿಡಿದರೂ ಗಂಟಲು, ಹೊಟ್ಟೆ, ತೊಡೆಯ ಒಳಭಾಗ, ಬಾಲದ ಕೆಳಗೆ ಕೀಳುವುದು ಬೇಡ. ಅಲ್ಲಿ ಚರ್ಮ ತೆಳ್ಳಗೆ, ನೋವು ಬೇಗ. ಕತ್ತರಿ ಅಥವಾ ಮೆಷಿನ್ ಬಳಸಿದರೆ ಯಾವ ನಷ್ಟವೂ ಇಲ್ಲ.

ಯಾರಿಗೆ ಯಾವುದು?

ಎಳೆಯ, ಆರೋಗ್ಯವಾದ ನಾಯಿ, ಕೂದಲು ಸಲೀಸಾಗಿ ಬರುತ್ತದೆ, ನಿಮಗೆ ವಾರದಲ್ಲಿ ಅರ್ಧ ಗಂಟೆ ಇದೆ ಅಂದರೆ ರೋಲಿಂಗ್ ಕಲಿಯಿರಿ. ಅದೇ ನಾಯಿ, ಆದರೆ ನಿಮಗೆ ಸಮಯ ಇಲ್ಲ, ದುಡ್ಡು ಕೊಡಬಲ್ಲಿರಿ ಅಂದರೆ ವರ್ಷಕ್ಕೆರಡು ಪೂರ್ತಿ ಸ್ಟ್ರಿಪ್ಪಿಂಗ್. ಎರಡೂ ಕಷ್ಟವಾದರೆ ಕ್ಲಿಪ್ಪಿಂಗ್ ಜೊತೆ ಕಾರ್ಡಿಂಗ್. ಮುದಿ ನಾಯಿ, ಚರ್ಮದ ಕಾಯಿಲೆ, ಮುಟ್ಟಿಸಿಕೊಳ್ಳದ ಸ್ವಭಾವ ಇದ್ದರೆ ಮೆಷಿನ್ ಹಾಕಿಸಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅರ್ಧ ಅರ್ಧವೂ ನಡೆಯುತ್ತದೆ. ಬೆನ್ನು, ಪಕ್ಕೆ ಕೈಯಲ್ಲಿ ಕಿತ್ತು, ಕಾಲು, ತಲೆಯನ್ನು ಕತ್ತರಿಯಲ್ಲಿ ಮುಗಿಸುವ ಮನೆಗಳು ಬೇಕಾದಷ್ಟಿವೆ. ಬಣ್ಣವೂ ಒರಟುತನವೂ ಎದ್ದು ಕಾಣುವುದು ಬೆನ್ನಿನಲ್ಲೇ ಅಲ್ವಾ?

ಗ್ರೂಮರ್ ಹತ್ತಿರ ಹೋಗುವವರು ಫೋನಿನಲ್ಲೇ ಕೇಳಿಕೊಳ್ಳಿ: ಪೂರ್ತಿ ಕೈಯಲ್ಲೇ ಮಾಡುತ್ತೀರಾ, ಎಷ್ಟು ಗಂಟೆ ಹಿಡಿಯುತ್ತದೆ, ಕೂದಲು ಮಾಗಿಲ್ಲದಿದ್ದರೆ ಏನು ಮಾಡುತ್ತೀರಿ? ‘ವಾಪಸ್ ಕಳಿಸಿ, ಕೆಲವು ವಾರ ಬಿಟ್ಟು ಬನ್ನಿ ಅನ್ನುತ್ತೇವೆ’ ಅಂದವರು ಕೆಲಸ ಬಲ್ಲವರು. ‘ಒಂದು ಗಂಟೆಯಲ್ಲಿ ಮುಗಿಸಿಕೊಡ್ತೀವಿ’ ಅಂದರೆ ಅದು ಸ್ಟ್ರಿಪ್ಪಿಂಗ್ ಅಲ್ಲ. ಮೊದಲ ಸಲ ಸ್ವಲ್ಪ ಹೊತ್ತು ಪಕ್ಕದಲ್ಲೇ ಕೂತು ನೋಡುತ್ತೇನೆ ಎಂದು ಹೇಳಿ, ಮೇಜಿನ ಮೇಲೆ ಬಿದ್ದ ಕೂದಲನ್ನು ಕೈಗೆ ತೆಗೆದುಕೊಂಡು ಬೇರಿನ ತುದಿ ಇದೆಯಾ ನೋಡಿ. ಅದಕ್ಕೆ ಒಪ್ಪದ ಕಡೆ ನಾಯಿಯನ್ನು ಬಿಟ್ಟು ಬರಬೇಡಿ.